ವಕೀಲರೊಬ್ಬರ ಹಂಪೆಯ ಯಾತ್ರೆ

ಧಾರವಾಡದ ಆಲೂರ ವೆಂಕಟರಾಯರು (೧೮೮೦–೧೯೬೪) ವೃತ್ತಿಯಿಂದ ವಕೀಲರು. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯಗಳು ವಕೀಲರಿಗೆ ಹೊಸತಲ್ಲವಷ್ಟೆ. ಆದರೆ ೧೯೦೫ರಲ್ಲಿ ಅವರು ಹಂಪೆಗೆ ಹೋಗಿ, ತುಂಗಭದ್ರೆಯ ದಡದ ಬಂಡೆಗಳ ನಡುವೆ ಹಾಳುಬಿದ್ದ ಗುಡಿಗೋಪುರಗಳನ್ನು ಕಂಡರು. ಆ ದರ್ಶನದಿಂದ ಅವರ ಬಾಳಿನ ದಾರಿಯೇ ಬೇರೆಯಾಯಿತು.

ಒಂದೇ ಮನೆತನದ ಮಕ್ಕಳಾದ ಕನ್ನಡಿಗರು ಆಗ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಪಾಲಾಗಿಹೋದ ಈ ಕುಟುಂಬವನ್ನು ಮರಳಿ ಕೂಡಿಸುವುದೇ ರಾಯರು ಹಿಡಿದ ವಕಾಲತ್ತಾಯಿತು. ಇದಕ್ಕೆ ಶುಲ್ಕ ಕೊಡುವ ಕಕ್ಷಿದಾರನೊಬ್ಬನೂ ಇರಲಿಲ್ಲ. ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದರು, ೧೯೨೨ರಲ್ಲಿ ‘ಜಯಕರ್ನಾಟಕ’ ಮಾಸಪತ್ರಿಕೆಯನ್ನು ಆರಂಭಿಸಿದರು. ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಿಸಿದ ಅವರಿಗೆ ನಿಷ್ಕಾಮಕರ್ಮವೆಂಬುದು ಬರಿಯ ಶಾಸ್ತ್ರವಾಕ್ಯವಾಗಿರಲಿಲ್ಲ.

೧೯೫೬ರ ನವೆಂಬರ್ ೧ರಂದು ನಾಡು ಒಂದಾದಾಗ, ಎಪ್ಪತ್ತಾರರ ಆ ವೃದ್ಧರು ಮತ್ತೆ ಹಂಪೆಗೆ ಹೋಗಿ, ವಿರೂಪಾಕ್ಷನ ಗುಡಿಯಲ್ಲಿ ಭುವನೇಶ್ವರಿಯನ್ನು ಪೂಜಿಸಿದರು. ಕೂಡಿದ ನಾಡಿಗೆ ಆಗ ಬಂದುದು ಮೈಸೂರೆಂಬ ಹೆಸರು. ಅವರು ಜಪಿಸಿದ ‘ಕರ್ನಾಟಕ’ವೆಂಬ ನಾಮವು ೧೯೭೩ರಲ್ಲಿ ಬಂದಿತು, ಅದನ್ನು ಕೇಳಲು ಅವರಿರಲಿಲ್ಲ. ಫಲವನ್ನು ಬೇಡದೆ ದುಡಿದವರಿಗೆ ಫಲದಲ್ಲಿ ಅರ್ಧವನ್ನಾದರೂ ಕಣ್ಣಾರೆ ಕಾಣುವ ಭಾಗ್ಯವು ದೊರೆಯಿತೆಂಬುದೇ ನಮಗೆ ಸಮಾಧಾನ.