ಶಿಕ್ಷೆಯಾದ ಪತ್ರಕರ್ತ ತೋರಿಸಿದ ನೀಲಿ ದಾರಿ

ಟರ್ಕಿಯ ಬೋದ್ರುಮ್‌ನಲ್ಲಿ ಕ್ಯಾಪ್ಟನ್, ಅಡುಗೆಯವರ ಸಮೇತ ಇಡೀ ದೋಣಿ ವಾರದ ಬಾಡಿಗೆಗೆ ಸಿಗುತ್ತದೆ. ಗುಲೆತ್ ಎನ್ನುವ ಮರದ ದೋಣಿ. ಹಗಲೆಲ್ಲ ಏಜಿಯನ್ ತೀರದುದ್ದಕ್ಕೂ ಪಯಣ, ರಾತ್ರಿ ಯಾವುದೋ ಕೊಲ್ಲಿಯಲ್ಲಿ ಲಂಗರು. ಹಣವಂತರ ಈ ಮೋಜಿನ ಮೂಲ ಹುಡುಕಿದ ನಮಗೆ ಸಿಕ್ಕಿದ್ದು ಒಬ್ಬ ಪತ್ರಕರ್ತ.

ಸೈನ್ಯ ಬಿಟ್ಟು ಓಡಿದವರನ್ನು ವಿಚಾರಣೆಯಿಲ್ಲದೆ ನೇಣಿಗೆ ಹಾಕಿದ್ದನ್ನು 1925ರಲ್ಲಿ ಜೆವಾತ್ ಶಾಕಿರ್ ಇಸ್ತಾಂಬುಲ್‌ನ ವಾರಪತ್ರಿಕೆಯೊಂದರಲ್ಲಿ ಬರೆದರು. ಅಷ್ಟಕ್ಕೇ ಮೂರು ವರ್ಷ ಬೋದ್ರುಮ್‌ಗೆ ಗಡೀಪಾರು! ಆಗ ಅದು ಮೀನುಗಾರರ, ಕಡಲಿಗೆ ಮುಳುಗಿ ಸ್ಪಂಜು ತೆಗೆಯುವವರ ಬಡ ಊರು. ಶಿಕ್ಷೆಯ ಕೊನೆಯ ಭಾಗವನ್ನು ಇಸ್ತಾಂಬುಲ್‌ನಲ್ಲಿ ಕಳೆದರು. ಮುಗಿದದ್ದೇ ತಡ, ತಾವಾಗಿಯೇ ಬೋದ್ರುಮ್‌ಗೆ ವಾಪಸಾದರು. ಊರಿನ ಪುರಾತನ ಹೆಸರು ಹಿಡಿದು 'ಹಾಲಿಕಾರ್ನಾಸಸ್‌ನ ಮೀನುಗಾರ' ಎಂಬ ಹೆಸರಲ್ಲಿ ಕಥೆ, ಕಾದಂಬರಿ ಬರೆದರು. ಅವುಗಳ ತುಂಬ ಅದೇ ಬಡ ಕಡಲಿಗರು.

1940ರ ದಶಕದಲ್ಲಿ ಸಾಹಿತಿ ಗೆಳೆಯರನ್ನು ಕರೆದುಕೊಂಡು ಸ್ಪಂಜಿನ ದೋಣಿಗಳಲ್ಲೇ ತೀರ ಸುತ್ತತೊಡಗಿದರು. ಬ್ರೆಡ್ಡು, ಚೀಸು, ಹಿಡಿದಷ್ಟು ಮೀನು. ಪತ್ರಿಕೆ, ರೇಡಿಯೊ ಒಯ್ಯುವಂತಿರಲಿಲ್ಲ. ಪತ್ರಕರ್ತನ ದೋಣಿಯಲ್ಲಿ ಪತ್ರಿಕೆಯೇ ಇಲ್ಲ ಎಂದು ನಮಗೆ ನಗು ಬಂತು. ಮುಂದೆ ಜೊತೆಗೂಡಿದ ಲೇಖಕಿ ಅಜ್ರಾ ಎರ್ಹಾತ್ 1962ರಲ್ಲಿ 'ಮಾವಿ ಯೋಲ್ಜುಲುಕ್' ಪುಸ್ತಕ ತಂದರು. ಹಾಗೆಂದರೆ ನೀಲಿ ಪಯಣ. ಆ ಹೆಸರೇ ನಿಂತಿತು.

ಸ್ಪಂಜಿನ ಕಸುಬು ಇಳಿದಂತೆ ದೋಣಿಗಳು ಪ್ರವಾಸಿಗರತ್ತ ತಿರುಗಿದವು. ಒಳಗೆ ಮಲಗುವ ಕೋಣೆ, ಬಚ್ಚಲು ಬಂದವು. ಹಾಯಿ ಇದ್ದರೂ ಹೆಚ್ಚಾಗಿ ಓಡುವುದು ಇಂಜಿನ್ನೇ. ಹೊರಡುವ ತಿಂಗಳನ್ನು ಮಾತ್ರ ಇಂದಿಗೂ ಗಾಳಿ ನೋಡಿಯೇ ಗೊತ್ತುಮಾಡುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಉತ್ತರದ ಮೆಲ್ತೆಮ್ ಗಾಳಿ ಜೋರು. ಅದು ಬೇಡವೆನ್ನುವವರು ಜೂನ್ ಇಲ್ಲವೇ ಸೆಪ್ಟೆಂಬರ್ ಹಿಡಿಯುತ್ತಾರೆ.