ಹಕ್ಕಿ ಕಾದ ಕೈದಿಗಳು

ನಮ್ಮೂರಲ್ಲಿ ‘ಹಕ್ಕಿ ಕಾಯೋದು’ ಅಂದ್ರೆ ಜೋಳದ ಹೊಲದಲ್ಲಿ ಅಟ್ಟಣಿಗೆ ಹತ್ತಿ, ಕವಣೆ ಬೀಸಿ, ಗಂಟಲು ಹರಿಯೋ ಹಾಗೆ ಕೂಗಿ ಅವನ್ನ ಓಡಿಸೋದು. ಸುಮ್ಮನೆ ಕೂತು ಹಕ್ಕಿ ನೋಡೋ ಜನರೂ ಇದ್ದಾರೆ ಅಂತ ಗೊತ್ತಾಗಿದ್ದು ಬೆಂಗಳೂರಿಗೆ ಬಂದ ಮೇಲೆ. ಈಗ ನಾನೂ ಕ್ಯಾಮೆರಾ ಹಿಡಿದು ಕೆರೆ ಸುತ್ತುತ್ತೇನೆ. ಎರಡು ಗಂಟೆ ಕಾದರೂ ಒಂದು ಒಳ್ಳೆ ಫೋಟೊ ಸಿಗದಿದ್ರೆ ವೀಕೆಂಡೇ ಹಾಳಾಯ್ತು ಅನ್ನಿಸುತ್ತೆ. ಹಾಗಾಗಿ 850 ಗಂಟೆ ಕಾದವರ ಕತೆ ಓದಿದಾಗ ಕೊಂಚ ನಾಚಿಕೆಯಾಯ್ತು.

ಎರಡನೇ ಮಹಾಯುದ್ಧದ ಮಾತು. ಜಾನ್ ಬಕ್ಸ್‌ಟನ್ ಅನ್ನೋ ಇಂಗ್ಲಿಷ್ ಕವಿ, ಸೇನಾಧಿಕಾರಿ ಕೂಡ, 1940ರಲ್ಲಿ ನಾರ್ವೆಯಲ್ಲಿ ಜರ್ಮನ್ನರ ಕೈಗೆ ಸಿಕ್ಕಿಬಿದ್ದ. ಆ ಬೇಸಿಗೆಯಲ್ಲಿ ಬವೇರಿಯಾದ ಒಂದು ನದಿಯ ಹತ್ತಿರ, ಹಸಿದು ಮೂಳೆ ಬಿಟ್ಟುಕೊಂಡ ಕೈದಿಗಳ ನಡುವೆ ಬಿಸಿಲಿಗೆ ಮಲಗಿದ್ದಾಗ, ಮರದಲ್ಲಿ ಒಂದು ರೆಡ್‌ಸ್ಟಾರ್ಟ್ ಸಂಸಾರ ಅವನ ಕಣ್ಣಿಗೆ ಬಿತ್ತು. ಗುಬ್ಬಚ್ಚಿಯಷ್ಟೇ ಹಕ್ಕಿ, ಸದಾ ನಡುಗೋ ಕೆಂಪು ಬಾಲ. (ಇದರ ದಾಯಾದಿ ಕಪ್ಪು ರೆಡ್‌ಸ್ಟಾರ್ಟ್ ಚಳಿಗಾಲದಲ್ಲಿ ನಮ್ಮ ಉತ್ತರ ಕರ್ನಾಟಕದ ಕಡೆಗೂ ಬರುತ್ತೆ.)

1941ರಲ್ಲಿ ವಾರ್‌ಬುರ್ಗ್ ಶಿಬಿರದಲ್ಲಿ ಅವನಿಗೆ ಇದೇ ಹುಚ್ಚಿನ ಮೂವರು ಜೊತೆಯಾದರು: ಪೀಟರ್ ಕಾಂಡರ್, ಜಾರ್ಜ್ ವಾಟರ್‌ಸ್ಟನ್, ಜಾನ್ ಬ್ಯಾರೆಟ್. ಮುಂದೆ ಐಖ್‌ಶ್ಟೆಟ್ ಶಿಬಿರದಲ್ಲಿ, 1943ರ ಏಪ್ರಿಲ್‌ನಿಂದ ಜೂನ್‌ವರೆಗೆ, ಬಕ್ಸ್‌ಟನ್ ಮತ್ತು ಗೆಳೆಯರು ಒಂದೇ ಒಂದು ಜೋಡಿ ರೆಡ್‌ಸ್ಟಾರ್ಟನ್ನು 850 ಗಂಟೆ ನೋಡಿ ಬರೆದಿಟ್ಟರು. ಲೆಕ್ಕ ಹಾಕಿದೆ, ದಿನಕ್ಕೆ ಒಂಬತ್ತು ಗಂಟೆಗೂ ಹೆಚ್ಚು! ಒಬ್ಬನ ಕೈಲಾಗೋ ಕೆಲಸ ಅಲ್ಲ, ಅದಕ್ಕೇ ಹಂಚಿಕೊಂಡು ಕಾದರು. ನಮ್ಮ ಆಫೀಸಿನ ಆನ್‌ಕಾಲ್ ಪಾಳಿಗೆ ಯಾರೂ ಇಷ್ಟು ಖುಷಿಯಿಂದ ಹೆಸರು ಕೊಟ್ಟಿದ್ದು ನಾನಂತೂ ಕಂಡಿಲ್ಲ.

ಅದೇ ಜೂನ್‌ನಲ್ಲಿ, ಅದೇ ಶಿಬಿರದಿಂದ 65 ಕೈದಿಗಳು ಸುರಂಗ ತೋಡಿ ತಪ್ಪಿಸಿಕೊಂಡರು. ಒಬ್ಬನೂ ಉಳಿಯಲಿಲ್ಲ, ಎಲ್ಲರನ್ನೂ ಹಿಡಿದು ತಂದರು. ಕೆಲವರು ನೆಲ ಅಗೆಯುವಾಗ ಕೆಲವರು ಗೂಡು ನೋಡುತ್ತಾ ಕೂತಿದ್ದು ಸರಿಯಾ? ಎಸಿ ರೂಮಲ್ಲಿ ಕೂತು ನಾನು ತೀರ್ಪು ಕೊಡಲಾರೆ. ಆದರೆ ಹಕ್ಕಿ ನೋಡಿದವರು ಕಷ್ಟ ಮರೆಯೋಕೆ ನೋಡಿದ್ರು ಅನ್ನೋ ಮಾತು ನನಗೆ ಒಪ್ಪಿಗೆಯಿಲ್ಲ. ಮರೆಯೋಕೆ ಹೊರಟವನು ಗಂಟೆ, ನಿಮಿಷ ಬರೆದಿಡ್ತಾನಾ? ಕಾವಲುಗಾರರು ಎಣಿಸುತ್ತಿದ್ದ ದಿನಗಳ ಒಳಗೇ ತಮ್ಮದು ಅನ್ನೋ ಒಂದಿಷ್ಟು ಹೊತ್ತನ್ನು ಅವರು ಉಳಿಸಿಕೊಂಡರು, ಅಷ್ಟೆ.

ಇನ್ನೊಂದು ಸೋಜಿಗ ಕೇಳಿ. ಬರ್ಲಿನ್ ಮ್ಯೂಸಿಯಮ್ಮಿನ ಎರ್ವಿನ್ ಸ್ಟ್ರೇಸೆಮಾನ್, ಜರ್ಮನಿಯ ಬಹುದೊಡ್ಡ ಪಕ್ಷಿತಜ್ಞರು, ಯುದ್ಧದ ನಡುವೆಯೇ ಈ ಶತ್ರು ಕೈದಿಗೆ ಪತ್ರ ಬರೆದು ನೆರವಾದರು. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? 1929ರಲ್ಲಿ ನಮ್ಮ ಸಲೀಂ ಅಲಿ ಕಲಿಯೋಕೆ ಹೋಗಿದ್ದು ಇವರ ಬಳಿಗೇ. ಹತ್ತು ವರ್ಷದ ನಂತರ ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೆ ಮಾಡಿದ್ದೂ ಅದೇ ಸಲೀಂ ಅಲಿ.

ಬಕ್ಸ್‌ಟನ್‌ನ ‘ದ ರೆಡ್‌ಸ್ಟಾರ್ಟ್’ ಪುಸ್ತಕ 1950ರಲ್ಲಿ ಬಂತು. ಕಾಂಡರ್ ಮುಂದೆ ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿಯ ಮುಖ್ಯಸ್ಥನಾದ. ವಾಟರ್‌ಸ್ಟನ್‌ನನ್ನು ಮೂತ್ರಪಿಂಡದ ಕಾಯಿಲೆ ಅಂತ 1943ರಲ್ಲೇ ಊರಿಗೆ ಕಳಿಸಿದ್ದರು. ಸ್ಕಾಟ್ಲೆಂಡಿನ ಫೇರ್ ಐಲ್ ದ್ವೀಪದಲ್ಲೊಂದು ಪಕ್ಷಿ ವೀಕ್ಷಣಾಲಯ ಕಟ್ಟಬೇಕು ಅಂತ ಸೆರೆಯಲ್ಲೇ ಪ್ಲಾನ್ ಹಾಕಿದ್ದ. ಯುದ್ಧ ಮುಗಿದ ಮೇಲೆ ಆ ದ್ವೀಪವನ್ನೇ ಕೊಂಡ. 1948ರಲ್ಲಿ ವೀಕ್ಷಣಾಲಯ ಶುರುವಾಯ್ತು.