ಪ್ರೆಸ್ಟನ್ ಕಾರ್ಖಾನೆಯ ವನಿತೆಯರು ಮತ್ತು ಅವರ ಕಾಲ್ಚೆಂಡು

ಇಂಗ್ಲೆಂಡಿನ ವಾಯವ್ಯ ಭಾಗದ ಲ್ಯಾಂಕಷೈರ್ ಪ್ರಾಂತದಲ್ಲಿ ಪ್ರೆಸ್ಟನ್ ಎಂಬ ಊರಿದೆ. ಹಿಂದೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರು. ಅಲ್ಲಿ ಡಿಕ್, ಕೆರ್ ಅಂಡ್ ಕಂಪನಿ ಎಂಬ ದೊಡ್ಡ ಕಾರ್ಖಾನೆಯೊಂದಿತ್ತು. ಟ್ರಾಮುಗಾಡಿಗಳನ್ನೂ ವಿದ್ಯುತ್ ರೈಲಿನ ಸಾಮಗ್ರಿಗಳನ್ನೂ ತಯಾರಿಸುವುದು ಅದರ ಕಸುಬು. ಮುಂಬಯಿಯಲ್ಲಿ 1964ರವರೆಗೂ ಟ್ರಾಮು ಓಡುತ್ತಿದ್ದುದರಿಂದ ನಮ್ಮ ಹಿರಿಯ ಓದುಗರಿಗೆ ಆ ಗಾಡಿಯ ಪರಿಚಯ ಹೇಳಬೇಕಾಗಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದ ಮೇಲೆ ಟ್ರಾಮಿನ ಕೆಲಸ ಹಿಂದೆ ಸರಿದು ಕಾರ್ಖಾನೆ ಮದ್ದುಗುಂಡು ತಯಾರಿಕೆಗೆ ತಿರುಗಿತು. ಗಂಡಸರು ರಣರಂಗಕ್ಕೆ ಹೋದರು. ಅವರು ಬಿಟ್ಟುಹೋದ ಯಂತ್ರಗಳ ಮುಂದೆ ಊರಿನ ಹೆಣ್ಣುಮಕ್ಕಳು ಬಂದು ನಿಂತರು.

ಈ ಹೆಣ್ಣುಮಕ್ಕಳು ಕಟ್ಟಿದ ಕಾಲ್ಚೆಂಡಿನ ತಂಡವೇ ‘ಡಿಕ್, ಕೆರ್ ಲೇಡೀಸ್’. ಒಂದು ಕಾಲಕ್ಕೆ 53,000 ಜನ ಟಿಕೆಟು ಕೊಂಡು ನೋಡಿದ ತಂಡ ಇದು. ಮರುವರ್ಷವೇ ಇವರಿಗೆ ಆಡಲು ಮೈದಾನ ಸಿಗದಂತೆ ಮಾಡಲಾಯಿತು. ಈ ಎರಡು ಸಂಗತಿಗಳೂ ಹೇಗೆ ಇಷ್ಟು ಬೇಗ ಒಂದರ ಬೆನ್ನಿಗೊಂದು ನಡೆದವೆಂಬುದೇ ಈ ಇತಿಹಾಸದ ತಿರುಳು.

ಹೆಂಗಸರು ಕಾಲ್ಚೆಂಡಾಡಿದ್ದು ಇದೇ ಮೊದಲಲ್ಲ. 1895ರಲ್ಲಿಯೇ ನೆಟ್ಟೀ ಹನಿಬಾಲ್ ಎಂಬ ಹೆಸರಿನಾಕೆ ಲಂಡನ್ನಿನಲ್ಲಿ ಬ್ರಿಟಿಷ್ ಲೇಡೀಸ್ ಫುಟ್‌ಬಾಲ್ ಕ್ಲಬ್ ಸ್ಥಾಪಿಸಿದ್ದಳು. ಆಗ ನೋಡಲು ಬಂದವರಲ್ಲಿ ಹಾಸ್ಯಕ್ಕೆಂದು ಬಂದವರೇ ಬಹಳ. ಪತ್ರಿಕೆಗಳು ಆಟಕ್ಕಿಂತ ಉಡುಪಿನ ಬಗೆಗೇ ಹೆಚ್ಚು ಬರೆದವು. ಯುದ್ಧಕಾಲದ ಮಾತು ಬೇರೆ. 1915ರಲ್ಲಿ ಗಂಡಸರ ಲೀಗ್ ಪಂದ್ಯಾವಳಿಯೇ ನಿಂತುಹೋಗಿತ್ತು. ದಿನವಿಡೀ ಗುಂಡುಗಳ ನಡುವೆ ದುಡಿಯುವ ಹೆಣ್ಣುಮಕ್ಕಳಿಗೆ ಆಟೋಟ ಒಳ್ಳೆಯದೆಂದು ಸರಕಾರವೂ ಮಾಲಿಕರೂ ಭಾವಿಸಿದ್ದರು. ಹೀಗಾಗಿ ಅನೇಕ ಕಾರ್ಖಾನೆಗಳಲ್ಲಿ ಇಂಥ ತಂಡಗಳು ಹುಟ್ಟಿದವು.

ಪ್ರೆಸ್ಟನ್ನಿನಲ್ಲಿ ಅದು ಆದದ್ದು ಹೀಗೆ. ಊಟದ ಬಿಡುವಿನಲ್ಲಿ ಹುಡುಗಿಯರೂ ಹುಡುಗರೂ ಕಾರ್ಖಾನೆಯ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದರು. 1917ರ ಶರತ್ಕಾಲದಲ್ಲಿ ಕಾರ್ಖಾನೆಯ ಗಂಡಸರ ತಂಡ ಸೋಲುತ್ತ ಬಂದಾಗ ಹುಡುಗಿಯರು ಗೇಲಿ ಮಾಡಿದರಂತೆ. ಧೈರ್ಯವಿದ್ದರೆ ನೀವೇ ಆಡಿ ತೋರಿಸಿ ಎಂದು ಅವರು ಸವಾಲು ಹಾಕಿದರಂತೆ. ಗ್ರೇಸ್ ಸಿಬ್ಬರ್ಟ್ ಎಂಬ ಕೆಲಸಗಾರ್ತಿಯ ಮುಂದಾಳುತನದಲ್ಲಿ ಇವರು ಸವಾಲನ್ನು ಒಪ್ಪಿಕೊಂಡರು. ಕಚೇರಿಯ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದವನು ಆಲ್ಫ್ರೆಡ್ ಫ್ರ್ಯಾಂಕ್‌ಲ್ಯಾಂಡ್ ಎಂಬ ಸಿಬ್ಬಂದಿಯವನು. ಬಲು ಚುರುಕಿನ ಮನುಷ್ಯ. ಇದು ಬರಿಯ ಬಿಡುವಿನ ಆಟವಾಗಿ ಉಳಿಯಬೇಕಾಗಿಲ್ಲವೆಂದು ಅವನಿಗೆ ಹೊಳೆಯಿತು. ಊರಿನ ಹೆಸರಾಂತ ಗಂಡಸರ ಕ್ಲಬ್ಬಾದ ಪ್ರೆಸ್ಟನ್ ನಾರ್ತ್ ಎಂಡ್‌ನ ಡೀಪ್‌ಡೇಲ್ ಮೈದಾನವನ್ನು ಬಾಡಿಗೆಗೆ ಗೊತ್ತುಮಾಡಿದ. 1917ರ ಕ್ರಿಸ್‌ಮಸ್ ದಿನ ಇನ್ನೊಂದು ಕಾರ್ಖಾನೆಯ ವನಿತೆಯರ ಮೇಲೆ ಮೊದಲ ದೊಡ್ಡ ಪಂದ್ಯ ನಡೆಯಿತು. ಗಾಯಾಳು ಸೈನಿಕರ ಆಸ್ಪತ್ರೆಯ ಸಹಾಯಾರ್ಥ ಏರ್ಪಟ್ಟ ಆ ಪಂದ್ಯಕ್ಕೆ 10,000 ಜನ ಬಂದರು. ಡಿಕ್, ಕೆರ್ ಹುಡುಗಿಯರು 4–0 ಗೋಲುಗಳಿಂದ ಗೆದ್ದರು.

ಇಲ್ಲಿ ‘ಸಹಾಯಾರ್ಥ’ ಎಂಬ ಮಾತನ್ನು ಓದುಗರು ಗಮನದಲ್ಲಿಡಬೇಕು. ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. 1918ರಲ್ಲಿ ಯುದ್ಧ ಮುಗಿಯಿತು. ಮದ್ದುಗುಂಡು ಬೇಡವಾಯಿತು, ಹೆಂಗಸರೂ ಯಂತ್ರ ಬಿಟ್ಟು ಮನೆಗೆ ಹೋಗಬೇಕೆಂದಾಯಿತು. 1919ರಲ್ಲಿ ಗಂಡಸರ ಲೀಗ್ ಮತ್ತೆ ಆರಂಭವಾಯಿತು. ಅನೇಕ ಕಾರ್ಖಾನೆಗಳ ತಂಡಗಳು ಅಲ್ಲಿಗೆ ಮುಗಿದವು. ಪ್ರೆಸ್ಟನ್ನಿನದು ಮಾತ್ರ ಉಳಿದು ಬೆಳೆಯಿತು. ಗಾಯಗೊಂಡು ಹಿಂತಿರುಗಿದ ಸೈನಿಕರಿಗೆ, ಕೆಲಸವಿಲ್ಲದವರಿಗೆ, ಆಸ್ಪತ್ರೆಗಳಿಗೆ ಹಣ ಬೇಕಾಗಿತ್ತು. ಈ ಹುಡುಗಿಯರು ಆಡಿದರೆ ಹಣ ಕೂಡುತ್ತಿತ್ತು. ಫ್ರ್ಯಾಂಕ್‌ಲ್ಯಾಂಡ್ ಬೇರೆ ಊರುಗಳಲ್ಲಿ ಒಳ್ಳೆಯ ಆಟಗಾರ್ತಿಯರನ್ನು ಕಂಡರೆ ಪ್ರೆಸ್ಟನ್ನಿಗೆ ಕರೆತಂದು ಕಾರ್ಖಾನೆಯಲ್ಲಿ ಕೆಲಸ ಕೊಡಿಸುತ್ತಿದ್ದ. ಒಂದು ಪಂದ್ಯಕ್ಕೆ 10 ಷಿಲಿಂಗ್, ಎಂದರೆ ಅರ್ಧ ಪೌಂಡ್, ಕೈಖರ್ಚಿಗೆಂದು ಸಿಗುತ್ತಿತ್ತು.

ಹಾಗೆ ಬಂದವಳೇ ಲಿಲಿ ಪಾರ್. ಸೇಂಟ್ ಹೆಲೆನ್ಸ್ ಎಂಬ ಊರಿನ ಕೂಲಿಕಾರನ ಮಗಳು, 1905ರಲ್ಲಿ ಹುಟ್ಟಿದವಳು. ಅಣ್ಣತಮ್ಮಂದಿರ ಜೊತೆ ಬಯಲಿನಲ್ಲಿ ಚೆಂಡು ಒದ್ದು ಬೆಳೆದು, 1920ರಲ್ಲಿ ಹದಿನಾಲ್ಕು ಹದಿನೈದರ ವಯಸ್ಸಿಗೆ ತಂಡ ಸೇರಿದಳು. ಎತ್ತರದ ಆಳು, ಎಡಗಾಲಿನ ಆಟಗಾರ್ತಿ. ಅವಳ ಹೊಡೆತ ತಡೆಯಲು ಹೋಗಿ ಒಬ್ಬ ಗಂಡು ಗೋಲಿಯ ಕೈಯೇ ಮುರಿಯಿತೆಂಬ ಕತೆಯಿದೆ. ಕತೆಯಲ್ಲಿ ಉಪ್ಪುಖಾರ ಸೇರಿರಬಹುದು. ಆದರೆ ಇಂಥ ಕತೆಗಳು ಎಲ್ಲರ ಮೇಲೂ ಹುಟ್ಟುವುದಿಲ್ಲ.

1920 ತಂಡದ ಸುವರ್ಣ ವರ್ಷ. ವಸಂತದಲ್ಲಿ ಆಲಿಸ್ ಮಿಲ್ಯಾ ಎಂಬ ಮಹಿಳೆಯ ನೇತೃತ್ವದಲ್ಲಿ ಪ್ಯಾರಿಸಿನ ವನಿತೆಯರ ತಂಡ ಬಂದು ನಾಲ್ಕು ಪಂದ್ಯ ಆಡಿತು. ಡೀಪ್‌ಡೇಲಿನ ಮೊದಲ ಪಂದ್ಯಕ್ಕೆ 25,000 ಜನ. ಶರತ್ಕಾಲದಲ್ಲಿ ಇವರು ಫ್ರಾನ್ಸಿಗೆ ಹೋಗಿ ಬಂದರು. ಡಿಸೆಂಬರಿನಲ್ಲಿ ರಾತ್ರಿಯ ಪಂದ್ಯವೊಂದನ್ನೂ ಆಡಿದರು. ಆಗಿನ್ನೂ ಮೈದಾನಗಳಿಗೆ ದೀಪದ ವ್ಯವಸ್ಥೆಯಿಲ್ಲ. ಯುದ್ಧಕಾಲದಲ್ಲಿ ಶತ್ರುವಿಮಾನಗಳನ್ನು ಹುಡುಕಲು ಬಳಸಿದ್ದ ಎರಡು ಶೋಧಕ ದೀಪಗಳನ್ನು ಯುದ್ಧಮಂತ್ರಿಯ ಅಪ್ಪಣೆ ಪಡೆದು ತಂದಿದ್ದರು. ಆ ಮಂತ್ರಿ ವಿನ್‌ಸ್ಟನ್ ಚರ್ಚಿಲ್. ಕತ್ತಲಲ್ಲಿ ಕಾಣಲೆಂದು ಚೆಂಡಿಗೆ ಬಿಳಿಬಣ್ಣ ಬಳಿದರು. 12,000 ಜನ ನೋಡಿದರು.

ಅದೇ ಕ್ರಿಸ್‌ಮಸ್ ರಜೆಯಲ್ಲಿ ಲಿವರ್‌ಪೂಲಿನ ಗುಡಿಸನ್ ಪಾರ್ಕ್ ಮೈದಾನದಲ್ಲಿ ಸೇಂಟ್ ಹೆಲೆನ್ಸ್ ವನಿತೆಯರ ಮೇಲೆ ಪಂದ್ಯ. ಒಳಗೆ 53,000 ಜನ. ಜಾಗವಿಲ್ಲದೆ ಗೇಟಿನ ಹೊರಗೆ ಉಳಿದವರು ಇನ್ನೂ ಸಾವಿರಾರು. ತಂಡದ ಮುಖ್ಯ ಗೋಲುಗಾರ್ತಿ ಫ್ಲಾರಿ ರೆಡ್‌ಫರ್ಡ್‌ಗೆ ಆ ದಿನ ರೈಲು ತಪ್ಪಿತು. ದಿನಬೆಳಗಾದರೆ ಲೋಕಲ್ ಹಿಡಿಯುವವರಿಗೆ ಆ ಸಂಕಟ ಗೊತ್ತು. ಮೊದಲರ್ಧದಲ್ಲಿ ಪುಟ್ಟ ಜೆನ್ನಿ ಹ್ಯಾರಿಸ್ ಒಂದು ಗೋಲು ಹೊಡೆದಳು. ನಂತರ ಹಿಂದೆ ನಿಂತು ಕಾಯುವ ನಾಯಕಿ ಆಲಿಸ್ ಕೆಲ್ ತಾನೇ ಮುಂದೆ ಬಂದು ಮೂರು ಗೋಲು ಹೊಡೆದಳು. 4–0. ಮಾಜಿ ಸೈನಿಕರ ನಿಧಿಗೆ ಕೂಡಿದ ಹಣ 3,115 ಪೌಂಡ್. ಮಹಿಳಾ ಕ್ಲಬ್ಬುಗಳ ಪಂದ್ಯವೊಂದಕ್ಕೆ ಇದಕ್ಕಿಂತ ಹೆಚ್ಚು ಜನ ಸೇರಲು 2019ರ ಮಾರ್ಚ್‌ವರೆಗೆ, ಮ್ಯಾಡ್ರಿಡ್ ನಗರದ ಒಂದು ಪಂದ್ಯದವರೆಗೆ, ಕಾಯಬೇಕಾಯಿತು.

1921ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 150 ವನಿತಾ ಕ್ಲಬ್ಬುಗಳಿದ್ದವು. ಡಿಕ್, ಕೆರ್ ತಂಡ ಆ ಒಂದೇ ವರ್ಷ 67 ಪಂದ್ಯ ಆಡಿತು, ಅದೂ ವಾರವಿಡೀ ಕಾರ್ಖಾನೆಯಲ್ಲಿ ದುಡಿಯುತ್ತ. ಆದರೆ ಆ ವರ್ಷ ಬೇರೊಂದು ಬೆಳವಣಿಗೆಯೂ ನಡೆಯಿತು. ಕೂಲಿ ಇಳಿಸಲು ಒಪ್ಪದ ಗಣಿಕೆಲಸಗಾರರನ್ನು ಮಾಲಿಕರು ಹೊರಗೆ ಹಾಕಿ ಗಣಿಗೆ ಬೀಗ ಜಡಿದರು. ವನಿತೆಯರ ತಂಡಗಳು ಆ ಸಂಸಾರಗಳ ಸಹಾಯಾರ್ಥವೂ ಆಡತೊಡಗಿದವು. ಸೈನಿಕನಿಗಾಗಿ ಆಡಿದಾಗ ಮೆಚ್ಚಿದ್ದ ದೊಡ್ಡವರಿಗೆ, ಗಣಿಗಾರನ ಹಸಿದ ಮಕ್ಕಳಿಗಾಗಿ ಆಡಿದಾಗ ಅದು ರಾಜಕೀಯವಾಗಿ ಕಂಡಿತೆಂದು ಕೆಲವು ಇತಿಹಾಸಕಾರರ ಅಭಿಪ್ರಾಯ. ನನಗೂ ಅದು ಅಸಂಭವವೆನಿಸುವುದಿಲ್ಲ.

1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಒಂದು ಠರಾವು ಮಾಡಿತು. ಈ ಆಟ ಹೆಂಗಸರಿಗೆ ತಕ್ಕುದಲ್ಲ, ಪ್ರೋತ್ಸಾಹಿಸಬಾರದು. ಅಸೋಸಿಯೇಷನ್ನಿಗೆ ಸೇರಿದ ಯಾವ ಕ್ಲಬ್ಬೂ ಅವರಿಗೆ ಮೈದಾನ ಕೊಡಬಾರದು. ಇದರ ಜೊತೆಗೆ ಇನ್ನೊಂದು ದೂರು: ಸಂಗ್ರಹವಾದ ಹಣದಲ್ಲಿ ಹೆಚ್ಚು ಪಾಲು ಖರ್ಚಿಗೇ ಹೋಗುತ್ತಿದೆ, ದಾನಕ್ಕೆ ಸಾಲದಷ್ಟು ಉಳಿಯುತ್ತಿದೆ.

ಸಹಾಯಾರ್ಥ ನಾಟಕ ಆಡಿಸಿದ ಅನುಭವ ನಮ್ಮ ಸಂಘಗಳಲ್ಲಿ ಯಾರಿಗಿಲ್ಲ? ಸಭಾಗೃಹದ ಬಾಡಿಗೆ, ದೀಪ, ಪರದೆ, ಕಲಾವಿದರ ರೈಲುಖರ್ಚು, ಚಹಾ ಎಲ್ಲ ಕಳೆದು ಉಳಿದದ್ದು ನಿಧಿಗೆ. ಲೆಕ್ಕ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಆದರೆ ಲೆಕ್ಕ ಸರಿಯಿಲ್ಲವೆಂದರೆ ಲೆಕ್ಕಪರಿಶೋಧಕರನ್ನು ನೇಮಿಸುತ್ತಾರೆ. ನಾಟಕವನ್ನೇ ಶಾಶ್ವತವಾಗಿ ನಿಲ್ಲಿಸುವುದಿಲ್ಲ. ಇದೇ ಅಸೋಸಿಯೇಷನ್ 1885ರಿಂದಲೂ ಗಂಡಸರು ಸಂಬಳ ಪಡೆದು ಆಡುವುದನ್ನು ಒಪ್ಪಿಕೊಂಡಿತ್ತು. ಅವರು ತಮಗಾಗಿ ಆಡಬಹುದು, ಹೊಟ್ಟೆಪಾಡಿಗಾಗಿ ಆಡಬಹುದು. ಹೆಣ್ಣು ಮಾತ್ರ ಪರೋಪಕಾರಕ್ಕಾಗಿಯೇ ಆಡಬೇಕು, ಅದರಲ್ಲಿಯೂ ಅರ್ಧ ಪೌಂಡು ಮುಟ್ಟಬಾರದು! ದುಡಿಯುವ ಹುಡುಗಿಯರು ಕೂಲಿ ಕಳೆದುಕೊಂಡು ಊರೂರು ತಿರುಗಿ ಆಡಲಾಗದೆಂದು ನಾಯಕಿ ಆಲಿಸ್ ಕೆಲ್ ಹೇಳಿದ್ದು ತೀರ ನ್ಯಾಯವಾದ ಮಾತು. ಯಾರೂ ಕಿವಿಗೊಡಲಿಲ್ಲ.

ನಿಷೇಧವನ್ನು ಬೆಂಬಲಿಸಿದವರಲ್ಲಿ ವೈದ್ಯರೂ ಇದ್ದರು. ಹೆಣ್ಣಿನ ದೇಹಕ್ಕೆ ಈ ಆಟ ತಾಳದೆಂದು ಅಭಿಪ್ರಾಯ ಕೊಟ್ಟವರಲ್ಲಿ ಒಬ್ಬರು ಲಂಡನ್ನಿನ ಪ್ರಸಿದ್ಧ ವೈದ್ಯೆ ಡಾ. ಮೇರಿ ಶಾರ್ಲೀಬ್. ಮದರಾಸಿನ ಓದುಗರಿಗೆ ಈ ಹೆಸರು ಹೊಸದಾಗಿರಲಾರದು. 1875ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿಗೆ ಸೇರಿದ ಮೊದಲ ನಾಲ್ವರು ಮಹಿಳೆಯರಲ್ಲಿ ಆಕೆ ಒಬ್ಬರು. ಮುಂದೆ ಅದೇ ಊರಿನಲ್ಲಿ ಗೋಷಾ ಸ್ತ್ರೀಯರ ಆಸ್ಪತ್ರೆಯನ್ನು ಸ್ಥಾಪಿಸಿದವರೂ ಅವರೇ. ಹೆಂಗಸರಿಗೆ ವೈದ್ಯವಿದ್ಯೆ ತಕ್ಕುದಲ್ಲವೆಂಬ ಮಾತನ್ನು ಎದುರಿಸಿ ಗೆದ್ದವರು ಕಾಲ್ಚೆಂಡಿನ ವಿಷಯಕ್ಕೆ ಬಂದಾಗ ಅದೇ ಮಾತನ್ನು ಆಡಿದರು. ಆ ಕಾಲದ ನಂಬಿಕೆಯ ಬಲ ಅಷ್ಟಿತ್ತು.

ಮೈದಾನ ಕೊಡದಿದ್ದರೆ ಉತ್ತ ಹೊಲದಲ್ಲಾದರೂ ಆಡುತ್ತೇವೆ ಎಂಬ ಅರ್ಥದ ಉತ್ತರವನ್ನು ಫ್ರ್ಯಾಂಕ್‌ಲ್ಯಾಂಡ್ ಕೊಟ್ಟ. ಹಾಗೆಯೇ ಆಡಿದರು. ರಗ್ಬಿ ಮೈದಾನ, ಓಟದ ಪಂದ್ಯಗಳ ಬಯಲು, ಊರ ಉದ್ಯಾನ, ಎಲ್ಲಿ ಸಿಕ್ಕಿದರೆ ಅಲ್ಲಿ. 1922ರಲ್ಲಿ ಕೆನಡಾಕ್ಕೆ ಹಡಗು ಹತ್ತಿದರೆ ಅಲ್ಲಿನ ಅಸೋಸಿಯೇಷನ್ನೂ ಆಡಗೊಡಲಿಲ್ಲ. ಅಮೆರಿಕಕ್ಕೆ ಇಳಿದರು, ಅಲ್ಲಿ ಇವರೊಡನೆ ಆಡಲು ಗೊತ್ತಾಗಿದ್ದವು ಗಂಡಸರ ತಂಡಗಳೇ. ಒಂಬತ್ತು ಪಂದ್ಯ ಆಡಿ, ಕೆಲವನ್ನು ಸೋತು ಕೆಲವನ್ನು ಗೆದ್ದು ಬಂದರು.

ಈ ನಡುವೆ ಕಾರ್ಖಾನೆ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಕೈಸೇರಿತ್ತು. ಮುಂಬಯಿ–ಪುಣೆ ಮಾರ್ಗದಲ್ಲಿ ಬಹುಕಾಲ ರೈಲು ಎಳೆದ ವಿದ್ಯುತ್ ಎಂಜಿನುಗಳಲ್ಲಿ ಈ ಕಂಪನಿಯವೂ ಇದ್ದವು. ಹೊಸ ಮಾಲಿಕರಿಗೂ ಫ್ರ್ಯಾಂಕ್‌ಲ್ಯಾಂಡನಿಗೂ ಸರಿಬೀಳದೆ 1926ರಲ್ಲಿ ಅವನು ಹೊರಬಿದ್ದ. ತಂಡ ‘ಪ್ರೆಸ್ಟನ್ ಲೇಡೀಸ್’ ಎಂದು ಹೆಸರು ಬದಲಿಸಿಕೊಂಡಿತು. ಜನರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ನಿಂತಿತು. ಲಿಲಿ ಪಾರ್ ಮತ್ತು ಇನ್ನು ಕೆಲವರು ಊರ ಸಮೀಪದ ವಿಟಿಂಗ್‌ಹ್ಯಾಮ್ ಮಾನಸಿಕ ಆಸ್ಪತ್ರೆಯಲ್ಲಿ ದಾದಿಯರಾದರು. ಪಾಳಿ ಮುಗಿಸಿ ಬಂದು ಆಡುವುದು. ಲಿಲಿ ಪಾರ್ ಆಟ ನಿಲ್ಲಿಸಿದ್ದು 1951ರಲ್ಲಿ, ಮೂವತ್ತೊಂದು ವರ್ಷ ಆಡಿದ ಮೇಲೆ. ಅವಳ ಗೋಲುಗಳು ಸಾವಿರದ ಹತ್ತಿರವೆಂದು ಲೆಕ್ಕ ಹಾಕುತ್ತಾರೆ.

ಫ್ರ್ಯಾಂಕ್‌ಲ್ಯಾಂಡ್ 1957ರಲ್ಲಿ ತೀರಿಕೊಂಡ. ತಂಡ ಇನ್ನೂ ಕೆಲವು ವರ್ಷ ನಡೆಯಿತು. ಸೇರುವ ಹುಡುಗಿಯರು ಕಡಿಮೆಯಾಗಿ 1965ರಲ್ಲಿ ಮುಚ್ಚಿತು. ಅಷ್ಟರಲ್ಲಿ ಆಡಿದ ಪಂದ್ಯಗಳು 800ಕ್ಕೂ ಹೆಚ್ಚು. ಸೋತವು ಬೆರಳೆಣಿಕೆಗಿಂತ ಸ್ವಲ್ಪ ಮೇಲೆ. ಅಸೋಸಿಯೇಷನ್ ತನ್ನ ಠರಾವನ್ನು ಹಿಂತೆಗೆದುಕೊಂಡದ್ದು ಇನ್ನೂ ಐದಾರು ವರ್ಷ ಕಳೆದ ಮೇಲೆ. ಕ್ಷಮೆ ಕೇಳಿದ್ದು 2008ರಲ್ಲಿ.

ಲಿಲಿ ಪಾರ್ 1978ರಲ್ಲಿ ಪ್ರೆಸ್ಟನ್ ಸಮೀಪದ ತನ್ನ ಮನೆಯಲ್ಲಿ ತೀರಿಕೊಂಡಾಗ ದೇಶ ಅವಳನ್ನು ಮರೆತಂತೆಯೇ ಇತ್ತು. 1992ರಲ್ಲಿ ಊರಿನ ಹಬ್ಬದ ಸಂದರ್ಭದಲ್ಲಿ ಹಳೆಯ ಆಟಗಾರ್ತಿಯರನ್ನು ಹುಡುಕಿ ಒಂದೆಡೆ ಸೇರಿಸಿದರು. 2002ರಲ್ಲಿ ಇಂಗ್ಲಿಷ್ ಫುಟ್‌ಬಾಲಿನ ಕೀರ್ತಿಶಾಲೆಗೆ ಸೇರಿದ ಮೊದಲ ಮಹಿಳೆಯಾಗಿ ಲಿಲಿಯ ಹೆಸರು ಬಂತು. 2017ರಲ್ಲಿ, ಮೊದಲ ಪಂದ್ಯಕ್ಕೆ ನೂರು ವರ್ಷವಾದಾಗ, ಡೀಪ್‌ಡೇಲ್ ಮೈದಾನದ ಗೋಡೆಯ ಮೇಲೆ ತಂಡದ ಸ್ಮಾರಕ ಶಿಲೆಯನ್ನು ಕೂರಿಸಿದರು. 1921ರಲ್ಲಿ ಇವರಿಗೆ ಮುಚ್ಚಿದ್ದ ಮೈದಾನಗಳಲ್ಲಿ ಅದೂ ಒಂದು.